ತೆಂಗಿನ ಸೀಮೆಯ ಪಾನೀಯಗಳೂ ವ್ಯಂಜನಗಳೂ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ತೆಂಗಿನ ತೋಟಗಳು ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಇಲ್ಲಿಯ ಉಂಡೆ ಕೊಬ್ಬರಿ ಉತ್ತರ ಹಿಂದೂಸ್ಥಾನದ ಪೇಟೆಗಳವರೆಗೆ ಹೋಗಿ ಅಲ್ಲಿಯ ಹಬ್ಬಗಳಿಗೆ ಒದಗುತ್ತದೆ. ಆದರೆ ಕಾಯಿಗೆ ಒಳ್ಳೆಯ ಬೆಲೆ ಬಂದ ವರ್ಷ, ತೋಟವಿರುವವರ ಮನೆಯ ಚಟ್ನಿಯಲ್ಲಿಯೇ ಕಾಯಿ ಕಡಿಮೆಯಾಗುವುದುಂಟು. ಕೂಲಿಯವರ ಮನೆಯ ಮಾತನ್ನು ಹೇಳಬೇಕಾದುದೇ ಇಲ್ಲ. ಬೇಸಗೆಯಲ್ಲಿ ನಮ್ಮ ಎಳನೀರು ಲಾರಿಯನ್ನೇರಿ ಪಟ್ಟಣಕ್ಕೆ ಹೋಗುತ್ತದೆ. ಪಟ್ಟಣದಿಂದ ಬಣ್ಣ ಹಾಕಿದ ಸಕ್ಕರೆನೀರಿನ ಸೀಸೆಗಳು ನಮ್ಮ ಹಳ್ಳಿಯ ಅಂಗಡಿಗೆ ಬರುತ್ತವೆ. ಈ ವ್ಯಾಪಾರದಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ನಾವು ಯೋಚಿಸತಕ್ಕದ್ದು.

ಕಾಲೇಜಿನಲ್ಲಿ ಪಾಠ ಹೇಳುವವರು ಅಡಿಗೆಯ ಮಾತನ್ನೆತ್ತಿದರೆ ಕೆಲವರಿಗೆ ನಗು ಬಂದೀತು. ಆದರೆ ದಿನಕ್ಕೆರಡು ಸಲ ಉಣ್ಣುವವರೆಲ್ಲರಿಗೂ ಈ ವಿಷಯದಲ್ಲಿ ಅಧಿಕಾರವುಂಟು. ಆದುದರಿಂದ ಗಂಡಸರೂ ಸ್ವಲ್ಪ ಕಿವಿಗೊಡಬೇಕೆಂದು ಪ್ರಾರ್ಥಿಸುತ್ತೇವೆ.

ಮೊದಲು, ಒಂದೇ ಒಂದು ಕಾಯಿಯಿಂದ ಐದಾರು ಜನರ ಸಂಸಾರ ಎಷ್ಟು ಪ್ರಯೋಜನ ಪಡೆಯಬಹುದೆಂಬುದನ್ನು ನೋಡೋಣ. ಕಾಯಿಯನ್ನು ಒಡೆದಾಗ ಬರುವ ನೀರನ್ನು ಚೆಲ್ಲದೆ ಮಕ್ಕಳಿಗೆ ಕೊಡಿ. ಒಂದು ಹೋಳನ್ನು ತುರಿದು, ಒಂದು ಲೋಟ ಉಗುರುಬೆಚ್ಚನೆಯ ನೀರು ಸೇರಿಸಿ, ನುಣ್ಣಗೆ ರುಬ್ಬಿ, ತೆಳುವಾದ ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿಹಾಲು ಬರುತ್ತದೆ. ಮತ್ತೊಂದು ಲೋಟ ನೀರು ಹಾಕಿ ಹಿಂಡಿದರೆ ತಿಳಿಹಾಲು. ಎರಡನ್ನೂ ಕೂಡಿಸಿ, ಕರಗಿಸಿ ಸೋಸಿ ಆರಿಸಿದ ಬೆಲ್ಲದ ನೀರನ್ನೂ ಎರಡು ಏಲಕ್ಕಿಯ ಪುಡಿಯನ್ನೂ ಬೆರೆಸಿದರೆ ಸೊಗಸಾದ ಕಾಯಿಹಾಲು ಸಿದ್ಧ. ಇದನ್ನು ಕುದಿಸಬಾರದು, ಕುದಿಸಿದರೆ ಒಡೆಯುತ್ತದೆ. ಹಿಂಡಿ ಉಳಿದ ತುರಿಯನ್ನು ಹುರುಳಿಕಾಯಿಯ ಪಲ್ಯಕ್ಕೋ ಹುರುಳಿಕಾಳಿನ ಪಲ್ಯಕ್ಕೋ ಉದುರಿಸಬಹುದು. ಇನ್ನೊಂದು ಹೋಳು ಚಟ್ನಿಗೆ ಆಯಿತು. ಹೀಗೆ ಒಂದು ಕಾಯಿ ಒಂದು ಪಾನೀಯವನ್ನೂ ಎರಡು ವ್ಯಂಜನಗಳನ್ನೂ ಕೊಡುತ್ತದೆ. ಮಿತವ್ಯಯವೆಂದರೆ ಕಡಿಮೆ ತಿನ್ನುವುದಲ್ಲ, ಇರುವುದನ್ನು ಪೂರ್ತಿಯಾಗಿ ತಿನ್ನುವುದು.

ಇನ್ನು ಬಾಯಾರಿಕೆಯ ಮಾತು. ಶ್ರೀರಾಮನವಮಿಯ ಪಾನಕ ವರ್ಷಕ್ಕೆ ಒಂದೇ ದಿನಕ್ಕೆ ಮೀಸಲಾಗಬೇಕೆಂಬ ವಿಧಿಯೇನೂ ಇಲ್ಲ. ಒಂದು ಲೀಟರು ನೀರಿಗೆ ಸುಮಾರು 100 ಗ್ರಾಂ ಬೆಲ್ಲವನ್ನು ಕರಗಿಸಿ ಸೋಸಿ, ಒಂದು ದೊಡ್ಡ ನಿಂಬೆಹಣ್ಣಿನ ರಸ, ಚಿಟಿಕೆ ಒಣಶುಂಠಿ, ನಾಲ್ಕು ಕಾಳುಮೆಣಸು, ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು—ಇಷ್ಟನ್ನು ಕುಟ್ಟಿ ಬೆರೆಸಿ ಹೊಸ ಮಡಕೆಯಲ್ಲಿಟ್ಟರೆ ತಾನೇ ತಣ್ಣಗಾಗುತ್ತದೆ. ನೀರುಮಜ್ಜಿಗೆಗಾದರೆ ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು ಹಾಕಿ ಚೆನ್ನಾಗಿ ಕಡೆಯಬೇಕು. ಹಸಿಶುಂಠಿ, ಕರಿಬೇವು, ಅರ್ಧ ಹಸಿಮೆಣಸಿನಕಾಯಿ, ಉಪ್ಪು ಜಜ್ಜಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟರೆ ಸಾಕು.

ಅಂಬಲಿಯನ್ನು ಬಡವರ ಆಹಾರವೆಂದು ಓದಿದವರು ಕಡೆಗಣಿಸಿದ್ದುಂಟು. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು, ಕೈಬಿಡದೆ ತಿರುವುತ್ತ ಹತ್ತು ನಿಮಿಷ ಬೇಯಿಸಬೇಕು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ. ಬಿಸಿಲಿನಲ್ಲಿ ದುಡಿಯುವವರಿಗೆ ಇದಕ್ಕಿಂತ ಉತ್ತಮವಾದುದು ಅಪರೂಪ.

ಹಸಿಯ ಕಾಯಿಗೂ ಕೊಬ್ಬರಿಗೂ ಅಡಿಗೆಯಲ್ಲಿ ಬೇರೆ ಬೇರೆ ಸ್ಥಾನವಿದೆ. ಕಾರಣ ಸ್ಪಷ್ಟ. ಹಸಿಯ ಕಾಯಿಯ ತಿರುಳಿನಲ್ಲಿ ಸುಮಾರು ಅರ್ಧಭಾಗ ನೀರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು ಒಣಗಿದ ಕೊಬ್ಬರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಎಣ್ಣೆ. ಆದುದರಿಂದಲೇ ಬೆಳಗಿನ ಕಾಯಿಚಟ್ನಿ ಸಂಜೆಯೊಳಗೆ ಹಳಸುತ್ತದೆ. ಕೊಬ್ಬರಿಯ ಚಟ್ನಿಪುಡಿ ವಾರಗಟ್ಟಲೆ ಇರುತ್ತದೆ. ಕಾಯಿಚಟ್ನಿಗೆ ಹುರಿಗಡಲೆ, ಹಸಿಮೆಣಸು, ಕೊತ್ತಂಬರಿಸೊಪ್ಪು, ಚೂರು ಹುಣಿಸೆ, ಉಪ್ಪು ಇವಿಷ್ಟೇ ಸಾಕು. ಹೀರೇಕಾಯಿಯ ಸಿಪ್ಪೆಯನ್ನು ಎಸೆಯದೆ ಎಣ್ಣೆಯಲ್ಲಿ ಬಾಡಿಸಿ ಇದರೊಡನೆ ರುಬ್ಬಿದರೆ ಅದೇ ಒಂದು ಹೊಸ ಚಟ್ನಿ.

ರಾಗಿಯ ಹೊಲದಲ್ಲಿ ಅಕ್ಕಡಿಯಾಗಿ ಬೆಳೆಯುವ ಹುಚ್ಚೆಳ್ಳನ್ನು ಮರೆಯಬಾರದು. ಅದನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆ, ಉಪ್ಪು, ಒಂದು ಹಿಡಿ ಕೊಬ್ಬರಿತುರಿ ಸೇರಿಸಿ ಕುಟ್ಟಿದ ಪುಡಿ ರಾಗಿರೊಟ್ಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಕೋಸಂಬರಿಗೆ ಒಲೆಯೇ ಬೇಡವೆಂದರೂ ಸಲ್ಲುವುದು: ಒಂದು ಗಂಟೆ ನೆನೆದ ಹೆಸರುಬೇಳೆ, ಕೊಚ್ಚಿದ ಸೌತೆಕಾಯಿ, ಕಾಯಿತುರಿ, ನಿಂಬೆರಸ. ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಕೆಲವು ಎಚ್ಚರಿಕೆಗಳುಂಟು. ಬೂಷ್ಟು ಹಿಡಿದ ಕೊಬ್ಬರಿಯನ್ನು ಕೆರೆದು ಉಪಯೋಗಿಸುವ ಅಭ್ಯಾಸ ಒಳ್ಳೆಯದಲ್ಲ. ಬೂಷ್ಟಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷವಿರಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಅದರಲ್ಲಿ ಉಪ್ಪಿನ ಅಂಶ ಕಡಿಮೆ. ಆದ್ದರಿಂದ ವಾಂತಿಭೇದಿಯಾದ ಮಗುವಿಗೆ ಎಳನೀರೊಂದನ್ನೇ ನೆಚ್ಚಿ ಕೂರಬಾರದು. ಆಸ್ಪತ್ರೆಯಲ್ಲಿ ದೊರೆಯುವ ಓ. ಆರ್. ಎಸ್. ಪುಡಿ ಕೈಗೆ ಸಿಗುವವರೆಗೆ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟಾದ ಚಹಾಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಅಳತೆ ತಪ್ಪದೆ ಕರಗಿಸಿ, ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಇಲ್ಲಿ ಹೇಳಿದ ಎಲ್ಲಕ್ಕಿಂತ ಸುಲಭವಾದ ಪಾನೀಯ ಇದು. ಪ್ರಾಣವನ್ನು ಉಳಿಸುವುದೂ ಇದೇ. ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಇದನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಕೊನೆಯದಾಗಿ ತೋಟದ ಯಜಮಾನರಲ್ಲಿ ಒಂದು ವಿಜ್ಞಾಪನೆ. ಕಾಯಿ ಕೀಳುವ ದಿನ ಮರ ಹತ್ತುವವರಿಗೂ, ಕಾಯಿ ಹೊರುವವರಿಗೂ, ಸುಲಿಯುವವರಿಗೂ ಒಂದು ಲೋಟ ಕಾಫಿ ಕೊಟ್ಟು ಸುಮ್ಮನಾಗದೆ, ತೋಟದ ನೆರಳಿನಲ್ಲಿ ಒಂದು ಹಂಡೆ ಮಜ್ಜಿಗೆಯನ್ನೋ ಅಂಬಲಿಯನ್ನೋ ಇಡಿಸಿರಿ. ಸಂಜೆ ಮನೆಗೆ ಹೋಗುವಾಗ ಅವರ ಕೈಯಲ್ಲಿ ಎರಡೆರಡು ಕಾಯಿಗಳನ್ನೂ ಇಡಿರಿ. ಆ ರಾತ್ರಿ ಅವರ ಮನೆಯ ಚಟ್ನಿಯಲ್ಲಿಯೂ ಕಾಯಿ ಇರಲಿ.