ಗೆಜ್ಜೆಪೂಜೆಯ ಮನೆ, ಸವದತ್ತಿಯ ಮನೆ



ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ 1969ರ ಚಿತ್ರ. ಎಂ.ಕೆ. ಇಂದಿರಾ ಅವರ ಕಾದಂಬರಿ ಅದರ ಮೂಲ. ನಾಯಕಿ ಚಂದ್ರಾಳಾಗಿ ಕಲ್ಪನಾ, ಅವಳ ತಾಯಿಯಾಗಿ ಲೀಲಾವತಿ. ಓದಿ, ಮೆಚ್ಚಿದವನನ್ನು ಮದುವೆಯಾಗಿ ಎಲ್ಲರಂತೆ ಸಂಸಾರ ಹೂಡಬೇಕೆಂಬುದು ಚಂದ್ರಾಳ ಆಸೆ. ಆದರೆ ಅವಳು ಹುಟ್ಟಿದ ಮನೆಯಲ್ಲಿ ಹೆಣ್ಣಿಗೆ ಗೆಜ್ಜೆಪೂಜೆ ಮಾಡುವುದು ವಾಡಿಕೆ, ಅದಾದವಳಿಗೆ ಮದುವೆಯಿಲ್ಲ. ಕೊನೆಗೆ ಆಕೆ ಸಾವನ್ನೇ ಆರಿಸಿಕೊಳ್ಳುತ್ತಾಳೆ. ಸಾಕಿ ಸಲಹಿದ ಮನೆಯೇ ಅವಳಿಗೆ ಬಲೆಯಾಗುತ್ತದೆ.

ಕಥೆಯ ಸೀಮೆ ಬೇರೆ, ಪದ್ಧತಿಯೂ ಬೇರೆ. ಆದರೂ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಡೆಯವರಿಗೆ ಇಂಥ ಮನೆ ಅಪರಿಚಿತವಲ್ಲ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಬರುತ್ತಿದ್ದ ಭಕ್ತರಲ್ಲಿ, ಮಗಳಿಗೆ ಮುತ್ತು ಕಟ್ಟಿಸಲು ಬಂದ ಬಡವರೂ ಇರುತ್ತಿದ್ದರು. ಅವರಲ್ಲಿ ಹೆಚ್ಚಿನವರು ದಲಿತರು. ಕೆಲವರಿಗೆ ಹರಕೆ ಕಾರಣ, ಕೆಲವರಿಗೆ ಜಡೆಗಟ್ಟಿದ ಕೂದಲು. ಗಂಡುಮಗನಿಲ್ಲದ ಮನೆಗೆ ಇನ್ನೊಂದು ಕಾರಣವಿತ್ತು. ಮುತ್ತು ಕಟ್ಟಿಸಿಕೊಂಡವಳು ತವರಿನಲ್ಲೇ ಉಳಿದು, ಮಗನಂತೆ ದುಡಿದು ಹೆತ್ತವರನ್ನು ಸಾಕಬೇಕಿತ್ತು.

ವಾರಸುದಾರನ ಚಿಂತೆ ಕಿತ್ತೂರಿನ ಅರಮನೆಗೂ ಬಂದಿತ್ತು. 1824ರಲ್ಲಿ ಶಿವಲಿಂಗರುದ್ರ ಸರ್ಜ ಸಂತಾನವಿಲ್ಲದೆ ತೀರಿಕೊಂಡ. ಅವನ ಕಾಲಕ್ಕೇ ಆದ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಚೆನ್ನಮ್ಮ ಕತ್ತಿ ಹಿರಿದಳು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಪ್ರಾಣಬಿಟ್ಟಳು. ಅರಮನೆ ದತ್ತು ತೆಗೆದುಕೊಂಡಿತು. ಗುಡಿಸಲಿನಲ್ಲಿ ಮಗನ ಭಾರವನ್ನು ಮಗಳ ಕೊರಳಿಗೇ ಕಟ್ಟಿದರು.

ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾಯ್ದೆ ಬಂತು. ಕರ್ನಾಟಕದ 1982ರ ಕಾಯ್ದೆ ಸಮರ್ಪಣೆಗೆ 3 ವರ್ಷದವರೆಗೆ ಸೆರೆವಾಸ ವಿಧಿಸಿತು. ತಪ್ಪು ಮಾಡಿದವರು ತಂದೆ-ತಾಯಿ, ಪೋಷಕರು ಅಥವಾ ಬಂಧುಗಳಾದರೆ ಕನಿಷ್ಠ 2, ಗರಿಷ್ಠ 5 ವರ್ಷ. ಅಪಾಯ ಮನೆಯೊಳಗಿಂದಲೇ ಬರುತ್ತದೆಂಬುದನ್ನು ಕಾನೂನು ಮಾಡಿದವರೂ ಬಲ್ಲವರಾಗಿದ್ದರು.

ಆದರೆ ಮುಪ್ಪಿನಲ್ಲಿ ರೊಟ್ಟಿ ಹಾಕುವವರು ಯಾರು ಎಂಬ ಬಡವರ ಪ್ರಶ್ನೆಗೆ ಸೆರೆಮನೆಯಲ್ಲಿ ಉತ್ತರವಿಲ್ಲ. ಹೆತ್ತವರ ಭಯಕ್ಕೆ ಆಸರೆ ಬೇಕು. ಕೈಯಲ್ಲಿ ಕೆಲಸ, ಮುಪ್ಪಿಗೆ ಪಿಂಚಣಿ ಬೇಕು. ಮದುವೆಯಾಗಿ ಹೋದ ಮಗಳೂ ತವರಿಗೆ ಮಗಳೇ ಎಂಬ ನಂಬಿಕೆ ಬೇಕು. ತಂದೆಯ ಹೆಸರು ಹೇಳಲಾಗದ ಮಗುವನ್ನು ಶಾಲೆ ತಲೆ ತಗ್ಗಿಸುವಂತೆ ಮಾಡಬಾರದು. ಚಂದ್ರಾಳಿಗೆ ಸಿಗದೆ ಹೋದದ್ದು ಈ ಮರ್ಯಾದೆಯೇ. ಚಿತ್ರ ನೋಡಿ ಕಣ್ಣೊರೆಸಿಕೊಂಡವರು ತಮ್ಮ ಓಣಿಯ ಇಂಥ ಮನೆಯ ಬಾಗಿಲನ್ನೊಮ್ಮೆ ತಟ್ಟಿದರೆ, ಆ ಕಣ್ಣೀರು ಸಾರ್ಥಕ.