ಯಂತ್ರದ ಆಸರೆ, ಶ್ವಾಸಕೋಶದ ಹಿನ್ನೀರು



ಮುನವಳ್ಳಿಯಂಥ ಊರಲ್ಲಿ ಎಕ್ಮೋ, ಅಂದರೆ ರಕ್ತವನ್ನು ಮೈಯಿಂದ ಹೊರಗೆಳೆದು ಆಮ್ಲಜನಕ ಕೂಡಿಸಿ ಮರಳಿಸುವ ಯಂತ್ರದ ಕುರಿತು ಸಂಕಿರಣ ಯಾಕೆ ಎಂದು ಯಾರಾದರೂ ಕೇಳಬಹುದು. ಆ ಹೆಸರು ನಮ್ಮ ಹಳ್ಳಿಗಳನ್ನು ಮುಟ್ಟಿ ವರ್ಷಗಳಾದವು. 2016ರ ಡಿಸೆಂಬರಿನಲ್ಲಿ ಜಯಲಲಿತಾ ಅವರಿಗೆ, 2020ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಚೆನ್ನೈಯಲ್ಲಿ ಎಕ್ಮೋ ಹಾಕಿದ್ದು ಟಿವಿ ನೋಡಿದವರಿಗೆಲ್ಲ ಗೊತ್ತು. ಇಬ್ಬರ ತೊಂದರೆ ಮಾತ್ರ ಬೇರೆ. ಎಸ್ಪಿಬಿಯವರದು ಕೋವಿಡ್ ಕೆಡಿಸಿದ ಶ್ವಾಸಕೋಶ, ಜಯಲಲಿತಾ ಅವರದು ಸ್ತಂಭಿಸಿದ ಹೃದಯ.

ಇವತ್ತಿನ ವಿಷಯ ಹೃದಯಕ್ಕೆ ಎಕ್ಮೋ ಕೊಡುವ ಆಸರೆ. ತೊಡೆಯ ಅಭಿಧಮನಿಯಿಂದ ರಕ್ತ ಎಳೆದು, ಆಮ್ಲಜನಕ ಕೂಡಿಸಿ, ತೊಡೆಯ ಅಪಧಮನಿಗೆ ನೂಕುತ್ತೇವೆ. ನಿಮಿಷಕ್ಕೆ ಮೂರು-ನಾಲ್ಕು ಲೀಟರ್ ರಕ್ತ ಮಹಾಪಧಮನಿಯಲ್ಲಿ ಎದುರಾಗಿ ಏರುತ್ತದೆ. ಮಿದುಳು, ಮೂತ್ರಪಿಂಡಗಳಿಗೆ ಜೀವ ಬರುತ್ತದೆ. ಆದರೆ ಸೋತ ಎಡ ಹೃತ್ಕುಕ್ಷಿಗೆ ಆ ಒತ್ತಡದೆದುರು ಕವಾಟ ತೆರೆಯುವ ತ್ರಾಣ ಇರುವುದಿಲ್ಲ. ನವಿಲುತೀರ್ಥ ಅಣೆಕಟ್ಟಿನ ಗೇಟು ಇಳಿಸಿದರೆ ಮಲಪ್ರಭೆಯ ಹಿನ್ನೀರು ಎತ್ತ ಏರುತ್ತದೆಂದು ಈ ಊರಿನವರಿಗೆ ನಾನು ಹೇಳಬೇಕಿಲ್ಲ. ಇಲ್ಲಿ ಅದು ಏರುವುದು ಶ್ವಾಸಕೋಶಕ್ಕೆ. ಮಾನಿಟರ್‌ನಲ್ಲಿ ರಕ್ತದೊತ್ತಡ ಚೆನ್ನಾಗಿದೆ, ಮನೆಯವರಿಗೂ ಸಮಾಧಾನ. ಎಕ್ಸ್‌ರೇ ಮಾತ್ರ ದಿನದಿನಕ್ಕೆ ಬೆಳ್ಳಗಾಗುತ್ತದೆ. ಮುಂದೆ ಹೃದಯ ಚೇತರಿಸಿಕೊಂಡರೂ ಅದು ಮಿದುಳಿಗೆ ಕಳಿಸುವುದು ಆ ನೆನೆದ ಶ್ವಾಸಕೋಶದಿಂದ ಬಂದ, ಆಮ್ಲಜನಕ ಸಾಲದ ರಕ್ತವನ್ನು. ಅದಕ್ಕೇ ರಕ್ತದ ಮಾದರಿಯನ್ನು, ಹೃದಯ ಕಳಿಸಿದ ರಕ್ತ ಮೊದಲು ತಲುಪುವ ಬಲ ಮುಂಗೈಯಿಂದ ತೆಗೆಯಬೇಕೆಂದು ಹಟ ಹಿಡಿಯುತ್ತೇವೆ.

ಹಾಗಾದರೆ ಎಲ್ಲರಿಗೂ ಮೊದಲೇ, ನಿಂತ ರಕ್ತವನ್ನು ಹೊರಗೆಳೆದು ಎಡ ಹೃದಯವನ್ನು ಬರಿದು ಮಾಡಿಬಿಟ್ಟರೆ? 2023ರಲ್ಲಿ ಕೊರಿಯಾದ ವೈದ್ಯರು 116 ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಿದರು. 30 ದಿನಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗೆ ಮೊದಲೇ ಬರಿದು ಮಾಡದ ಗುಂಪಿನ ಅರ್ಧದಷ್ಟು ಜನರಿಗೆ ಕಡೆಗೆ ಅದೇ ಚಿಕಿತ್ಸೆ ಬೇಕಾಯಿತು ಎಂಬುದನ್ನು ಮಾತ್ರ ಮರೆಯಬಾರದು. ಅದೇ ವರ್ಷ ಪ್ರಕಟವಾದ, ಎಕ್ಮೋವನ್ನೇ ಪರೀಕ್ಷಿಸಿದ ಜರ್ಮನಿ-ಸ್ಲೊವೇನಿಯಾಗಳ ಅಧ್ಯಯನದಲ್ಲಿ, ಹೃದಯಾಘಾತದಿಂದ ಆಘಾತಸ್ಥಿತಿಗೆ ಹೋದ 417 ಮಂದಿಯ ಪೈಕಿ ಎಕ್ಮೋ ಪಡೆದವರಲ್ಲಿ ಶೇ. 47.8, ಪಡೆಯದವರಲ್ಲಿ ಶೇ. 49 ಜನ ತೀರಿಕೊಂಡರು. ಯಂತ್ರವನ್ನು ಮಾರುವವರು ಈ ಅಂಕಿಗಳನ್ನು ಹೇಳುವುದಿಲ್ಲ. ನನ್ನ ಮಟ್ಟಿಗೆ, ಎಡ ಹೃದಯ ಬರಿದು ಮಾಡುವುದು ಎಲ್ಲರಿಗೂ ಬೇಡ. ಎಕ್ಸ್‌ರೇ ಬೆಳ್ಳಗಾಗುವ ತನಕ ಕಾಯುವುದೂ ಬೇಡ. ನಾಡಿಯ ಅಲೆ ಚಪ್ಪಟೆಯಾದೊಡನೆ ಎಕೋ ಮಾಡಿ, ಕವಾಟ ತೆರೆಯುತ್ತಿದೆಯೇ ನೋಡಿ.

ನಮ್ಮ ಕಡೆ ಇನ್ನೊಂದು ಗುಂಪಿನ ರೋಗಿಗಳಿದ್ದಾರೆ. ಕಾಳು ಕೆಡದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ನುಂಗಿದವರು. ಆ ವಿಷಕ್ಕೆ ಮದ್ದಿಲ್ಲ. ಆದರೆ ಅದು ಹೊಡೆದ ಹೃದಯ, ಕೆಲವು ದಿನ ದಾಟಿಸಿದರೆ, ಎಷ್ಟೋ ಬಾರಿ ತಾನೇ ಸುಧಾರಿಸುತ್ತದೆ. ಎಕ್ಮೋ ನಿಜಕ್ಕೂ ಅರ್ಥ ಪಡೆಯುವುದು ಇಂಥ ಕಡೆ. ಅವರು ಬೆಳಗಾವಿಗೋ ಹುಬ್ಬಳ್ಳಿಗೋ ತಲುಪುವಷ್ಟರಲ್ಲಿ ಎಷ್ಟು ಬಾಟಲಿ ಸಲೈನ್ ಹರಿದಿದೆ ಎಂಬುದರ ಮೇಲೆ ಅವರ ಶ್ವಾಸಕೋಶದ ಪಾಡು ನಿಂತಿರುತ್ತದೆ. ಆದ್ದರಿಂದ ಮೊದಲ ಗೋಷ್ಠಿ ರೆಫರಲ್ ಚೀಟಿಯಿಂದಲೇ ಶುರುವಾಗಲಿ: ಕೊಟ್ಟ ಸಲೈನ್ ಎಷ್ಟು, ಇಸಿಜಿ ತೆಗೆದದ್ದು ಯಾವಾಗ, ಎದೆ ಒತ್ತಿದ್ದು ಎಷ್ಟು ನಿಮಿಷ.