ಒಂಬತ್ತು ಸಾವಿರದ ಬೋರ್ಡು, ಅಮ್ಮನ ಸೊನ್ನೆ ಬಿಲ್ಲು

ಇವತ್ತಿನ ವಿಷಯ ಒಂದು ಮದರ್‌ಬೋರ್ಡು. ಎರಡು ಪ್ರೊಸೆಸರ್ ಕೂರೋ ಮದರ್‌ಬೋರ್ಡು. ಅದು ನನಗೆ ಅಗ್ಗಕ್ಕೆ ಸಿಕ್ತು ಅಂತ ಒಂದು ತಿಂಗಳು ಊರೆಲ್ಲ ಹೇಳ್ಕೊಂಡು ಓಡಾಡಿದೆ. ಆಮೇಲೆ ಕರೆಂಟ್ ಬಿಲ್ಲು ಬಂತು.

ಮೊದಲು ಇದು ನನಗ್ಯಾಕೆ ಬೇಕಾಯ್ತು ಅಂತ ಹೇಳ್ತೀನಿ. ಎರಡು ವರ್ಷದಿಂದ ನಮ್ಮ ಸುಗಟೂರು ಹೋಬಳಿಯ ಹಿರಿಯರ ಮಾತು ರೆಕಾರ್ಡ್ ಮಾಡ್ತಾ ಇದ್ದೀನಿ. ಕೆರೆ ತುಂಬಿದ್ದ ಕಾಲ, ಬೋರ್‌ವೆಲ್ ಬತ್ತಿದ ಕಾಲ, ರೇಷ್ಮೆ, ಟೊಮೆಟೊ, 2018ರಿಂದ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬಂದ ಮೇಲಿನ ಕಥೆ, ಎಲ್ಲ ಸೇರಿ 140 ಗಂಟೆ ಆಡಿಯೋ. ಅದರಲ್ಲಿ ಒಬ್ಬ ತಾತ ನೀರುಗಂಟಿ ಆಗಿದ್ದವರು. ಕೆರೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡ್ಕೊಂಡು, ಕೂಲಿಗೆ ಬದಲು ಕಣದಲ್ಲಿ ಕಾಳು ತಗೊಳ್ತಿದ್ದವರು. ನನ್ನ ಹತ್ರ ಮಾತಾಡಿ ಎರಡು ತಿಂಗಳಿಗೆ ತೀರಿಹೋದರು. ಅವರ ಮೊಮ್ಮಗಳು ಬಂದು, "ಅಣ್ಣ, ತಾತ ಹೇಳಿದ್ದೆಲ್ಲ ಬರೆದು ಕೊಡ್ತೀರಾ? ನಮ್ಮಪ್ಪನಿಗೆ ಕಿವಿ ಕೇಳ್ಸಲ್ಲ, ಓದ್ತಾರೆ" ಅಂದಳು. ಕೊಡ್ತೀನಿ ಅಂದುಬಿಟ್ಟೆ.

ಟೈಪ್ ಮಾಡೋರನ್ನ ಕೇಳಿದೆ. ಒಂದು ಗಂಟೆ ಆಡಿಯೋಗೆ 700 ರೂಪಾಯಿ. 140 ಗಂಟೆಗೆ 98,000. ನನ್ನ ಹತ್ರ ಅಷ್ಟಿರಲಿಲ್ಲ. 2022ರಲ್ಲಿ ಓಪನ್‌ಎಐನವರು ವಿಸ್ಪರ್ ಅಂತ ಒಂದು ತಂತ್ರಾಂಶವನ್ನ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಮಾತು ಕೇಳಿಸಿದರೆ ಅಕ್ಷರ ಮಾಡಿ ಕೊಡುತ್ತೆ, ಕನ್ನಡವೂ ಅದರಲ್ಲಿದೆ. ಇಂಟರ್ನೆಟ್ ಬೇಡ, ನಮ್ಮ ಕಂಪ್ಯೂಟರಲ್ಲೇ ಓಡುತ್ತೆ. ಆದರೆ ಅದರ ದೊಡ್ಡ ಮಾದರಿಗೆ ನನ್ನ ಲ್ಯಾಪ್‌ಟಾಪ್ ಎಂಟು ಗಂಟೆ ಒದ್ದಾಡಿ ಒಂದೇ ಒಂದು ಗಂಟೆಯ ಆಡಿಯೋ ಮುಗಿಸ್ತಿತ್ತು. ಅಡಿಗೆ ಕೈ ಇಟ್ರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ.

ಆಗ ಒಬ್ಬ ಗೆಳೆಯ ಹೇಳಿದ: ಎಸ್.ಪಿ. ರೋಡಿಗೆ ಹೋಗು, ಹಳೇ ಸರ್ವರ್ ಬೋರ್ಡು ಅಗ್ಗಕ್ಕೆ ಸಿಗುತ್ತೆ.

ಎಸ್.ಪಿ. ರೋಡ್ ಅಂದ್ರೆ ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ. ಕೋಲಾರದಲ್ಲಿ ಬಸ್ ಹತ್ತಿ, ಹೊಸಕೋಟೆ, ಕೆ.ಆರ್. ಪುರದ ಟ್ರಾಫಿಕ್ ದಾಟಿ ಹೋದರೆ, ಆ ಕಿರಿದಾದ ರಸ್ತೆಯಲ್ಲಿ ಒಂದು ಸ್ಕ್ರೂ ಇಂದ ಇಡೀ ಸರ್ವರ್ ತನಕ ಎಲ್ಲ ಸಿಗುತ್ತೆ. ಅಲ್ಲಿ ಒಂದು ಅಂಗಡಿಯಲ್ಲಿ ಇಂಟೆಲ್ ಝಿಯಾನ್ ಇ5-2680 ವಿ4 ಅನ್ನೋ ಪ್ರೊಸೆಸರ್‌ನ ಪಾಪ್‌ಕಾರ್ನ್ ಥರ ಡಬ್ಬಿಯಲ್ಲಿ ತುಂಬಿಟ್ಟಿದ್ರು. ಒಂದಕ್ಕೆ 1,800 ರೂಪಾಯಿ. 14 ಕೋರ್, 28 ಥ್ರೆಡ್. 2016ರಲ್ಲಿ ಬಂದಾಗ ಇಂಟೆಲ್ ಹೇಳಿದ್ದ ಬೆಲೆ 1,745 ಡಾಲರ್, ಅಂದ್ರೆ ಆಗಿನ ಲೆಕ್ಕಕ್ಕೆ ಒಂದು ಲಕ್ಷದ ಮೇಲೆ.

ಲಕ್ಷದ ವಸ್ತು ಎರಡು ಸಾವಿರಕ್ಕೆ ಹೇಗೆ ಬಂತು? ಕಳ್ಳಮಾಲೇನೋ ಅಂತ ಮೊದಲು ಹೆದರಿದೆ. ಆಮೇಲೆ ಬಿ.ಕಾಂ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿಯಲ್ಲಿ ಯಾವ ಆಸ್ತಿಗೆ ಎಷ್ಟು ಆಯಸ್ಸು ಅಂತ ಇದೆ. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗೆ 3 ವರ್ಷ, ಸರ್ವರ್‌ಗೆ 6 ವರ್ಷ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ. 40 ಸವಕಳಿ. ಒಂದು ಲಕ್ಷದ ಸರ್ವರ್ ಒಂದು ವರ್ಷಕ್ಕೆ 60,000, ಎರಡು ವರ್ಷಕ್ಕೆ 36,000, ಹೀಗೇ ಇಳಿದು ಆರು ವರ್ಷಕ್ಕೆ 4,666 ರೂಪಾಯಿ. ಪುಸ್ತಕದಲ್ಲಿ ಅದು ಸತ್ತ ಹಾಗೆ. ವಾರಂಟಿನೂ ಮುಗಿದಿರುತ್ತೆ, ಡೇಟಾ ಸೆಂಟರಲ್ಲಿ ಅದೇ ಕರೆಂಟಿಗೆ ಹೊಸದು ಜಾಸ್ತಿ ಕೆಲಸ ಮಾಡುತ್ತೆ. ಹಾಗಾಗಿ ಒಟ್ಟಿಗೆ ತೆಗೆದು ಸಾಗಹಾಕ್ತಾರೆ. ಚಿಪ್ ಮಾತ್ರ ಸತ್ತಿರಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರು ಶುದ್ಧ ಆಗಿ ನಮ್ಮ ಕೆರೆಗೆ ಬರುತ್ತೆ, ಬಳಸಿ ಬಿಟ್ಟ ಸರ್ವರ್ ಎಸ್.ಪಿ. ರೋಡ್ ಮೇಲೆ ನಮ್ಮನೆಗೆ ಬರುತ್ತೆ. ಎರಡನ್ನೂ ಪರೀಕ್ಷೆ ಮಾಡಿ ಬಳಸಬೇಕು.

ಈ ಹುಚ್ಚು ಹೊಸದಲ್ಲ. 1999ರಲ್ಲಿ ತೈವಾನಿನ ಅಬಿಟ್ ಕಂಪನಿ ಬಿಪಿ6 ಅಂತ ಒಂದು ಬೋರ್ಡ್ ಬಿಟ್ಟಿತ್ತು. ಅಗ್ಗದ ಸೆಲೆರಾನ್ ಪ್ರೊಸೆಸರ್ ಎರಡನ್ನ ಒಟ್ಟಿಗೆ ಕೂರಿಸಬಹುದಾಗಿತ್ತು. ಸೆಲೆರಾನ್ ಜೋಡಿಯಾಗಿ ಓಡಬೇಕು ಅಂತ ಇಂಟೆಲ್ ಬಯಸಿರಲಿಲ್ಲ, ಹುಡುಗರು ಓಡಿಸಿದರು. 366 ಮೆಗಾಹರ್ಟ್ಸ್ ಚಿಪ್‌ನ 550ರ ತನಕ ಎಳೆದರು. ಆದರೆ ಆಗ ಎಲ್ಲರ ಮನೆಯಲ್ಲಿದ್ದ ವಿಂಡೋಸ್ 98ಗೆ ಎರಡನೇ ಪ್ರೊಸೆಸರ್ ಕಾಣ್ತಾನೇ ಇರಲಿಲ್ಲ! ವಿಂಡೋಸ್ ಎನ್‌ಟಿ ಅಥವಾ ಲಿನಕ್ಸ್ ಬೇಕಿತ್ತು. 2005ರಲ್ಲಿ ಒಂದೇ ಚಿಪ್‌ನಲ್ಲಿ ಎರಡು ಕೋರ್ ಬಂದ ಮೇಲೆ ಮನೆ ಕಂಪ್ಯೂಟರ್‌ಗೆ ಎರಡು ಸಾಕೆಟ್ ಬೇಕಾಗಲಿಲ್ಲ. ಸರ್ವರ್‌ಗಳಲ್ಲಿ ಮಾತ್ರ ಉಳಿಯಿತು.

ಸರಿ, ನನ್ನ ಕಥೆಗೆ ಬರ್ತೀನಿ. ಮೊದಲ ಸಲ ಹೋದಾಗ 5,500ಕ್ಕೆ ಒಂದು ಬೋರ್ಡ್ ತಂದೆ. "ಟೆಸ್ಟೆಡ್" ಅಂತ ಸ್ಟಿಕ್ಕರ್ ಇತ್ತು. ಬಿಲ್ ಕೇಳಿದ್ರೆ, "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಿಎಸ್‌ಟಿ ಆಗುತ್ತೆ ಬಾಸ್, ಬಿಡಿ" ಅಂದ್ರು. ಬಿಟ್ಟೆ. ಮನೆಗೆ ಬಂದು ಎರಡನೇ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ, ಒಂದು ಮೂಲೆಯ ಪಿನ್‌ಗಳು ಗಾಳಿಗೆ ಮಲಗಿದ ರಾಗಿ ಪೈರಿನ ಥರ ಬಾಗಿದ್ವು. ಈ ಬೋರ್ಡುಗಳಲ್ಲಿ ಪಿನ್ ಇರೋದು ಪ್ರೊಸೆಸರಲ್ಲಿ ಅಲ್ಲ, ಸಾಕೆಟಲ್ಲಿ. ಕೂದಲಿನಷ್ಟು ಸಣ್ಣವು, ಎರಡು ಸಾವಿರಕ್ಕೂ ಜಾಸ್ತಿ. ವಾಪಸ್ ತಗೊಂಡು ಹೋದರೆ "ನೀವೇ ಬಗ್ಗಿಸಿರೋದು" ಅಂದ್ರು. ನನ್ನ ಕೈಯಲ್ಲಿ ಬಿಲ್ಲೇ ಇಲ್ಲ, ಏನು ಮಾತಾಡಲಿ? 5,500 ಹೋಯ್ತು. ಅಮ್ಮನಿಗೆ ಆ ದಿನ ಹೇಳಲಿಲ್ಲ.

ಎರಡನೇ ಸಲ ಬೇರೆ ಅಂಗಡಿ. ಅಲ್ಲಿದ್ದ ರಿಪೇರಿ ಅಣ್ಣ ಅರ್ಧ ಕನ್ನಡ, ಅರ್ಧ ತೆಲುಗಲ್ಲಿ ಪಾಠವನ್ನೇ ಮಾಡಿದರು. ಅವರು ಹೇಳಿದ್ದು, ನಾನು ಆಮೇಲೆ ಕಲಿತಿದ್ದು ಸೇರಿಸಿ ಹೇಳ್ತೀನಿ, ಬರ್ಕೊಳ್ಳಿ.

ಒಂದು, ಪ್ರೊಸೆಸರ್ ನಂಬರ್. ಇ5-2680ರಲ್ಲಿ ಮೊದಲ ಅಂಕಿ 2. ಅಂದ್ರೆ ಎರಡು ಸಾಕೆಟ್‌ಗೆ ಆಗೋದು. ಇ5-1650 ಥರ 1ರಿಂದ ಶುರುವಾದರೆ ಅದು ಒಂಟಿಯಾಗೇ ಕೆಲಸ ಮಾಡೋದು. ಎರಡು ತಂದು ಜೋಡಿಸಿದ್ರೂ ಜೋಡಿ ಆಗಲ್ಲ, ಯಾಕಂದ್ರೆ ಇನ್ನೊಂದು ಪ್ರೊಸೆಸರ್ ಜೊತೆ ಮಾತಾಡೋ ದಾರಿನೇ ಅದಕ್ಕೆ ಕೊಟ್ಟಿಲ್ಲ.

ಎರಡು, ಪಿನ್. ಮೊಬೈಲ್ ಟಾರ್ಚ್ ಹಾಕಿ, ಕ್ಯಾಮೆರಾ ಝೂಮ್ ಮಾಡಿ ಎರಡೂ ಸಾಕೆಟ್ ನೋಡಿ. ಅಂಗಡಿಯಲ್ಲೇ ಫೋಟೋ ತೆಗೀರಿ.

ಮೂರು, ಅಲ್ಲೇ ಆನ್ ಮಾಡಿಸಿ. ಸ್ಕ್ರೀನ್ ಮೇಲೆ ಎರಡೂ ಪ್ರೊಸೆಸರ್ ಕಾಣಬೇಕು, ಹಾಕಿದ ಅಷ್ಟೂ ರ‍್ಯಾಮ್ ಕಾಣಬೇಕು. ಒಂದೇ ಪ್ರೊಸೆಸರ್ ಹಾಕಿ ತೋರಿಸಿದ್ರೆ ಅದು ಅರ್ಧ ಪರೀಕ್ಷೆ. ಎರಡನೇ ಪ್ರೊಸೆಸರ್ ಪಾಲಿನ ರ‍್ಯಾಮ್ ಸ್ಲಾಟುಗಳು, ಕೆಲವು ಕಾರ್ಡ್ ಸ್ಲಾಟುಗಳು ಅದು ಕೂತರೆ ಮಾತ್ರ ಜೀವ ಆಗೋದು.

ನಾಲ್ಕು, ಕರೆಂಟ್ ಕನೆಕ್ಟರ್. ಮಾಮೂಲಿ 24 ಪಿನ್, ಅದರ ಜೊತೆ 8 ಪಿನ್ನಿನದು ಎರಡು ಇರೋ ಬೋರ್ಡೇ ತಗೊಳ್ಳಿ. ದೊಡ್ಡ ಕಂಪನಿ ಸರ್ವರ್‌ನಿಂದ ಬಿಚ್ಚಿದ ಕೆಲವು ಬೋರ್ಡಿಗೆ ಅವರದೇ ವಿಚಿತ್ರ ಕನೆಕ್ಟರ್ ಇರುತ್ತೆ. ಅವು ಇನ್ನೂ ಅಗ್ಗ, ಆದರೆ ಮನೆಯ ಎಸ್‌ಎಂಪಿಎಸ್ ಕೂರಲ್ಲ.

ಐದು, ಅಳತೆ. ಮಾಮೂಲಿ ಎಟಿಎಕ್ಸ್ ಬೋರ್ಡ್ 12 ಇಂಚು ಉದ್ದ, 9.6 ಇಂಚು ಅಗಲ. ಇವುಗಳಲ್ಲಿ ಎಷ್ಟೋ 12ಕ್ಕೆ 13 ಇಂಚು. ನನ್ನ ಕ್ಯಾಬಿನೆಟ್ಟಿಗೆ ಹಿಡಿಸಲೇ ಇಲ್ಲ. ಊರಿನ ಬಡಗಿ ಹತ್ರ 400 ರೂಪಾಯಿಗೆ ಪ್ಲೈವುಡ್ ಹಲಗೆ ಮಾಡಿಸಿ, ಅದರ ಮೇಲೆ ಕೂರಿಸಿದೀನಿ.

ಆರು, ರ‍್ಯಾಮ್. ಸರ್ವರ್‌ನ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಮನೆ ಕಂಪ್ಯೂಟರಲ್ಲಿ ಕೆಲಸ ಮಾಡಲ್ಲ. ಅದಕ್ಕೇ ಹಳೇದು ಅಗ್ಗ. ಇಂಥ ಬೋರ್ಡಿಗೆ ಅದೇ ಬೇಕು.

ಏಳು, ವಿಂಡೋಸ್ ಹೋಮ್ ಒಂದೇ ಸಾಕೆಟ್ ನೋಡೋದು. ಪ್ರೊ ಆದರೆ ಎರಡು. ವಿಂಡೋಸ್ 11 ಈ ಹಳೇ ಝಿಯಾನ್‌ಗಳನ್ನ ಅಧಿಕೃತವಾಗಿ ಒಪ್ಪಲ್ಲ. ನಾನು ಉಬುಂಟು ಹಾಕಿದೆ. ಖರ್ಚಿಲ್ಲ, 56 ಥ್ರೆಡ್ಡೂ ಕಾಣುತ್ತೆ.

ಕೊನೆಯದು, ಬಿಲ್ಲು. 18 ಪರ್ಸೆಂಟ್ ಉಳಿಸೋಕೆ ಹೋಗಿ ನಾನು ನೂರಕ್ಕೆ ನೂರು ಕಳ್ಕೊಂಡೆ.

ಈಗ ಲೆಕ್ಕ. ಎರಡನೇ ಬೋರ್ಡು 9,000. ಪ್ರೊಸೆಸರ್ ಎರಡಕ್ಕೆ 3,600. 64 ಜಿಬಿ ರ‍್ಯಾಮ್ ನನಗೆ ಸಿಕ್ಕ ದಿನದ ರೇಟಲ್ಲಿ 6,400. ಕೂಲರ್ ಎರಡು 2,400. ಎಸ್‌ಎಂಪಿಎಸ್ 6,500. ಎಸ್‌ಎಸ್‌ಡಿ 3,500. ಹಲಗೆ 400. ಒಟ್ಟು 31,800. ಹಾಳಾದ ಬೋರ್ಡಿನ 5,500 ಸೇರಿಸಿದರೆ 37,300. ನಾನು ಊರೆಲ್ಲ ಹೇಳಿದ್ದು "ಒಂಬತ್ತು ಸಾವಿರಕ್ಕೆ ಹೊಡೆದೆ" ಅಂತ!

ಆದ್ರೂ ಮೊದಲ ರಾತ್ರಿ ಖುಷಿ ತಡೆಯೋಕಾಗಲಿಲ್ಲ. ನೀರುಗಂಟಿ ತಾತನ ಫೈಲೇ ಮೊದಲು ಹಾಕಿದೆ. ಒಂದು ಉಪಾಯ ಹೇಳ್ತೀನಿ. ಎರಡು ಪ್ರೊಸೆಸರ್ ಅಂದ್ರೆ ಎರಡು ಊರು, ಎರಡು ಕೆರೆ ಇದ್ದ ಹಾಗೆ. ಪ್ರತಿ ಪ್ರೊಸೆಸರ್‌ಗೆ ತನ್ನದೇ ರ‍್ಯಾಮ್. ತನ್ನ ಕೆರೆ ನೀರು ಬೇಗ ಸಿಗುತ್ತೆ, ಪಕ್ಕದ ಊರಿಂದ ಕಾಲುವೆಯಲ್ಲಿ ತರಿಸಿದ್ರೆ ತಡ. ಹಾಗಾಗಿ ಒಂದೇ ಫೈಲನ್ನ ಎರಡಕ್ಕೂ ಹಂಚದೆ, ಈ ಪ್ರೊಸೆಸರ್‌ಗೊಂದು ಆಡಿಯೋ, ಅದಕ್ಕೊಂದು ಆಡಿಯೋ ಅಂತ ಕಟ್ಟಿಹಾಕಿದೆ. ಐದು ಗಂಟೆಯಲ್ಲಿ ಎರಡು ಗಂಟೆಯ ಆಡಿಯೋ ಮುಗೀತು. ಲ್ಯಾಪ್‌ಟಾಪಿಗೆ ಹದಿನಾರು ಗಂಟೆ ಬೇಕಿತ್ತು.

ಒಂದು ತಿಂಗಳಲ್ಲಿ 60 ಗಂಟೆ ಆಡಿಯೋ ಮುಗಿಸಿದೆ. ಆಮೇಲೆ ಮೀಟರ್ ರೀಡಿಂಗ್‌ನವರು ಬಂದರು.

ನಮ್ಮ ಮನೆಗೆ ತಿಂಗಳಿಗೆ ಸುಮಾರು 80 ಯೂನಿಟ್ ಆಗೋದು. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಅಮ್ಮನಿಗೆ ಬರೋದು ಸೊನ್ನೆ ಬಿಲ್ಲು. ಆ ಚೀಟೀನ ದೇವರ ಫೋಟೋ ಹಿಂದೆ ಸಿಕ್ಕಿಸಿ ಇಡ್ತಾರೆ. ಯೋಜನೆಯ ನಿಯಮ ನಿಮಗೆ ಗೊತ್ತಿರಬಹುದು. ನಿಮ್ಮ ಹಳೇ ಸರಾಸರಿಯ ಮೇಲೆ ಸ್ವಲ್ಪ ವಿನಾಯಿತಿ, ಅದನ್ನ ಮೀರಿದ್ದಕ್ಕೆ ದುಡ್ಡು. ಆದರೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಾವೇ ಕಟ್ಟಬೇಕು. ಆ ತಿಂಗಳು ನಮ್ಮ ಮನೆ ಯೂನಿಟ್ 206. ಫಿಕ್ಸೆಡ್ ಚಾರ್ಜ್ ಸೇರಿ 1,400ರ ಹತ್ತಿರ.

ಅಮ್ಮ ಬೈಲಿಲ್ಲ. ಚೀಟಿ ಹಿಡ್ಕೊಂಡು, "ಏನಪ್ಪಾ, ನಾನು ಫ್ಯಾನೂ ಹಾಕ್ದೆ ಮಲಗಿದ್ನಲ್ಲ, ಇದು ಹೆಂಗೆ?" ಅಂದರು. ಬೈದಿದ್ರೇ ಚೆನ್ನಾಗಿರ್ತಿತ್ತು.

ಅವತ್ತು ಸಾಲ ತಂದ ಒಂದು ವ್ಯಾಟ್ ಮೀಟರ್ ಹಾಕಿ ನೋಡಿದೆ. ಕೆಲಸ ಮಾಡುವಾಗ 350 ವ್ಯಾಟ್. ಸುಮ್ಮನೆ ಆನ್ ಆಗಿ ಕೂತಿದ್ದಾಗ್ಲೂ 130 ವ್ಯಾಟ್. ನಾನು ಅದನ್ನ ಆಫ್ ಮಾಡ್ತಾನೇ ಇರಲಿಲ್ಲ. ದಿನಕ್ಕೆ 5 ಗಂಟೆ ಕೆಲಸ, 19 ಗಂಟೆ ಸುಮ್ಮನೆ. ತಿಂಗಳಿಗೆ ಕೆಲಸಕ್ಕೆ ಆಗಿದ್ದು ಸುಮಾರು 52 ಯೂನಿಟ್, ಸುಮ್ಮನೆ ಕೂತಿದ್ದಕ್ಕೆ 74. ಅಮ್ಮ ಫ್ಯಾನ್ ಉಳಿಸಿದ್ದನ್ನ ನಾನು ಪಕ್ಕದ ರೂಮಲ್ಲಿ ಸುಟ್ಟಿದ್ದೆ.

ಈಗ ನಮ್ಮನೇಲಿ ಒಪ್ಪಂದ ಆಗಿದೆ. ಈ ಮಷೀನ್‌ಗೆ ತಿಂಗಳಿಗೆ 30 ಯೂನಿಟ್. ಅಂದ್ರೆ 85 ಗಂಟೆ ಕೆಲಸ, 34 ಗಂಟೆ ಆಡಿಯೋ. ಕೆಲಸ ಮುಗಿದ ತಕ್ಷಣ ತಾನೇ ಆಫ್ ಆಗೋ ಹಾಗೆ ಮಾಡಿದೀನಿ. ಮೀರಿದ ಯೂನಿಟ್‌ಗೆ ಸುಮಾರು 130 ರೂಪಾಯಿ ಬರುತ್ತೆ, ಅದು ನನ್ನ ಜೇಬಿಂದ. ಉಳಿದ 80 ಗಂಟೆ ಆಡಿಯೋ ಮೂರು ತಿಂಗಳೊಳಗೆ ಮುಗಿಯುತ್ತೆ.

ಹಾಗಾದ್ರೆ ಇದು ಲಾಭವೋ ನಷ್ಟವೋ? ಮಷೀನ್ ಬರೆದಿದ್ದನ್ನ ಹಾಗೇ ಕೊಡೋಕಾಗಲ್ಲ. "ತೂಬು" ಅಂದ್ರೆ "ತುಂಬು" ಅಂತ ಬರೆಯುತ್ತೆ, ನಮ್ಮ ಕಡೆಯವರು ನಡುವೆ ತೆಲುಗು ಮಾತಾಡಿದ್ರೆ ತಲೆ ಕೆಡಿಸಿಕೊಳ್ಳುತ್ತೆ. ತಿದ್ದೋಕೆ ಆ ತಾತನ ಮೊಮ್ಮಗಳಿಗೇ ಕೊಟ್ಟಿದೀನಿ, ಗಂಟೆ ಆಡಿಯೋಗೆ 250. ಅದು 35,000. ಮಷೀನ್ 37,300. ಕರೆಂಟ್ ಎಲ್ಲ ಸೇರಿ 1,800 ಅಂತ ಇಟ್ಕೊಳ್ಳಿ. ಒಟ್ಟು 74,100. 98,000ದ ಎದುರು ಉಳಿದಿದ್ದು 24,000ದ ಹತ್ತಿರ. ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಕಮ್ಮಿ.

ಇನ್ನೊಂದು ಮಾತು. ನಿಮಗೆ ಬೇಕಿರೋದು ಇದೇ ಕೆಲಸ ಆದರೆ, ಮೆಮೊರಿ ಸಾಕಷ್ಟಿರೋ ಒಂದು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಇದನ್ನ ಇನ್ನೂ ಬೇಗ, ಕಮ್ಮಿ ಕರೆಂಟಲ್ಲಿ ಮಾಡುತ್ತೆ. ಗೇಮ್ ಆಡೋಕಾದ್ರೆ ಎರಡು ಪ್ರೊಸೆಸರ್‌ನಿಂದ ಉಪಯೋಗನೇ ಇಲ್ಲ. ಒಂದೊಂದು ಕೋರಿನ ವೇಗ ಹಳೇದೇ. ಒಟ್ಟಿಗೆ ತುಂಬಾ ಕೆಲಸ ಹಂಚೋದಿದ್ದರೆ, ಜಾಸ್ತಿ ರ‍್ಯಾಮ್ ಬೇಕಿದ್ದರೆ ಮಾತ್ರ ಇಂಥ ಬೋರ್ಡಿನ ಕಡೆ ನೋಡಿ. ಅಂಗಡಿಯವರು ಹೇಳೋ ಬೆಲೆಯ ಪಕ್ಕ ನಿಮ್ಮ ಮನೆ ಮೀಟರನ್ನೂ ಬರೆದು ಲೆಕ್ಕ ಹಾಕಿ.

ಹೋದ ವಾರ ತಾತನ ಮಾತು 41 ಪುಟ ಪ್ರಿಂಟ್ ಹಾಕಿಸಿ ಅವರ ಮನೆಗೆ ಕೊಟ್ಟು ಬಂದೆ. ಅವರ ಮಗ ಜಗಲಿ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ತಪ್ಪಾಗಿದೆ, ನಮ್ಮಪ್ಪ ಹೇಳಿರೋದು ತೂಬು" ಅಂದರು. ತಿದ್ದಿ ಕೊಡ್ತೀನಿ ಅಂದೆ.

ಈಗ ನೀವು ಓದ್ತಾ ಇರೋ ಈ ಮಾತೂ ಅದೇ ಹಲಗೆ ಮೇಲಿನ ಮಷೀನಲ್ಲೇ ಅಕ್ಷರ ಆಗಿದ್ದು. ಅಮ್ಮ ದಿನಾ ಬೆಳಿಗ್ಗೆ ಮೀಟರ್ ನೋಡಿ ಕ್ಯಾಲೆಂಡರ್ ಮೇಲೆ ಪೆನ್ಸಿಲಲ್ಲಿ ಬರೀತಾರೆ. ಈ ತಿಂಗಳು ನನಗಿನ್ನೂ 11 ಯೂನಿಟ್ ಬಾಕಿ ಇದೆ.